ಲೈಸೋಸೋಮ್‌ಗೆ ‘ಆತ್ಮಹತ್ಯೆಯ ಚೀಲ’ ಅನ್ನೋದನ್ನ ಇನ್ನಾದರೂ ಬಿಡೋಣ

ಸಾಧನಕೇರಿ ಮಾಸ್ತರ

ಧಾರವಾಡದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. 22 ವರ್ಷ ಆಯಿತು. ಪ್ರತಿ ವರ್ಷ ಕೋಶದ ಪಾಠ ಬಂದಾಗ ಲೈಸೋಸೋಮ್ ಅಂದರೆ ‘ಆತ್ಮಹತ್ಯೆಯ ಚೀಲ’ ಅಂತ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಮಕ್ಕಳು ಅದರ ಕೆಳಗೆ ಗೆರೆ ಎಳೆದುಕೊಳ್ಳುತ್ತಿದ್ದರು. ಒಂದು ಅಂಕದ ಪ್ರಶ್ನೆ ಅಲ್ವಾ, ಅಷ್ಟಕ್ಕೇ ಮುಗಿಯುತ್ತಿತ್ತು.

ಈ ವರ್ಷ ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. “ಸರ, ಸಾಯೋದಕ್ಕಂತನ ಕೋಶ ಒಂದು ಚೀಲ ಯಾಕ ಇಟ್ಕೊಂಡಿರತದ? ಸಾಯೋ ದಿನ ಬರೋ ತನಕ ಆ ಚೀಲ ಏನ್ ಮಾಡತದ?” ಅಂದಳು. ನಾಳೆ ಹೇಳುತ್ತೇನೆ ಅಂದು ಮನೆಗೆ ಬಂದೆ. ರಾತ್ರಿ ಎಲ್ಲಾ ಓದಿದೆ. ಅವಳ ಪ್ರಶ್ನೆ ಸರಿ ಇತ್ತು, ನಾನು ಹೇಳಿಕೊಂಡು ಬಂದದ್ದು ಅರ್ಧ.

ಆ ಚೀಲ ಸಿಕ್ಕ ಕತೆ ಮೊದಲು ಹೇಳುತ್ತೇನೆ, ಚೆನ್ನಾಗಿದೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ ಅನ್ನೋ ವಿಜ್ಞಾನಿ ಇನ್ಸುಲಿನ್ ಯಕೃತ್ತಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಅಂತ ಹುಡುಕುತ್ತಿದ್ದರು. ಇಲಿಯ ಯಕೃತ್ತು ಅರೆದು ಅದರಲ್ಲಿ ಒಂದು ಕಿಣ್ವ ಎಷ್ಟಿದೆ ಅಂತ ಅಳೆದರು. ಬಹಳ ಕಡಿಮೆ ಬಂತು. ಅರೆದದ್ದನ್ನ ಫ್ರಿಜ್‌ನಲ್ಲಿಟ್ಟು ಐದು ದಿನ ಬಿಟ್ಟು ಮತ್ತೆ ಅಳೆದರು. ಈಗ ಎಷ್ಟು ಇರಬೇಕಿತ್ತೋ ಅಷ್ಟು ಸಿಕ್ಕಿತು! ಅಂದರೆ ಕಿಣ್ವ ಮೊದಲೂ ಅಲ್ಲೇ ಇತ್ತು. ಯಾವುದೋ ಪೊರೆಯ ಒಳಗೆ ಕಟ್ಟಿಟ್ಟ ಹಾಗೆ ಇತ್ತು, ಐದು ದಿನದಲ್ಲಿ ಪೊರೆ ಸಡಿಲಾಗಿ ಹೊರಗೆ ಬಂತು. ಆ ಪೊರೆಯ ಚೀಲಕ್ಕೆ 1955ರಲ್ಲಿ ಲೈಸೋಸೋಮ್ ಅಂತ ಹೆಸರಿಟ್ಟರು. ಅದರೊಳಗೆ ಸುಮಾರು 60 ಥರದ ಕಿಣ್ವಗಳಿವೆ. ಪ್ರೋಟೀನ್, ಕೊಬ್ಬು, ಸಕ್ಕರೆ, ಡಿಎನ್ಎ, ಏನು ಕೊಟ್ಟರೂ ಒಡೆಯುತ್ತವೆ. ಇಂಥಾ ಚೀಲ ಒಡೆದರೆ ಕೋಶ ಸತ್ತೇ ಹೋಗುತ್ತದೆ ಅಂತ ಆಗ ಅಂದುಕೊಂಡರು, ಆ ಹೆಸರು ಅಲ್ಲಿಂದ ಬಂತು.

ಆದರೆ ಅದೇ ಡಿ ಡೂವ್ 1963ರಲ್ಲಿ ಇನ್ನೊಂದು ಹೆಸರೂ ಕೊಟ್ಟರು. ಆಟೋಫೇಜಿ. ಗ್ರೀಕ್‌ನಲ್ಲಿ ಆಟೋ ಅಂದರೆ ತಾನೇ, ಫೇಜಿ ಅಂದರೆ ತಿನ್ನುವುದು. ಕೋಶ ತನ್ನದೇ ಸಾಮಾನನ್ನ ಒಂದು ಪೊರೆಯಲ್ಲಿ ಸುತ್ತಿ, ಲೈಸೋಸೋಮ್‌ಗೆ ಒಯ್ದು, ಅಲ್ಲಿ ಒಡೆಸಿಕೊಳ್ಳುತ್ತದೆ. ಸಾಯೋದಕ್ಕಲ್ಲ, ದಿನಾ ಬದುಕೋದಕ್ಕೆ. ಈ ಎರಡನೇ ಮಾತು ನಮ್ಮ ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಮೊದಲನೇದು ಮಾತ್ರ ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಒಂದು ಲೆಕ್ಕ ಕೇಳಿ. ನಾವು ದಿನಕ್ಕೆ ಊಟದಲ್ಲಿ ತಿನ್ನೋ ಪ್ರೋಟೀನ್ ಸುಮಾರು 70 ಗ್ರಾಂ. ನಮ್ಮ ಮೈ ದಿನಕ್ಕೆ ಹೊಸದಾಗಿ ಕಟ್ಟೋ ಪ್ರೋಟೀನ್ 200ರಿಂದ 300 ಗ್ರಾಂ. ಉಳಿದದ್ದು ಎಲ್ಲಿಂದ ಬಂತು? ಹಳೇದನ್ನ ಒಡೆದದ್ದರಿಂದ ಬಂತು. ಒಡೆಯೋ ಕೆಲಸ ನಿಂತರೆ ಕಟ್ಟೋ ಕೆಲಸಕ್ಕೆ ಸಾಮಾನೇ ಇಲ್ಲ. ಇಂಥಾ ಕೆಲಸ ಮಾಡೋ ಚೀಲಕ್ಕೆ ಆ ಹೆಸರು ಇಟ್ಟು ಕಲಿಸೋದು ನನಗೆ ಇನ್ನು ಆಗೋದಿಲ್ಲ. ನೀವೆಲ್ಲ ಏನಂತೀರಿ?

ಬೆಟಗೇರಿ ಮಗ್ಗ

ಸರ, ನಾನು ಓದಿದ್ದು ಹತ್ತನೇತ್ತಿ ತನಕ. ಆದರೂ ಇದು ತಿಳಿಯಿತು. ನಮ್ಮ ಅವ್ವ ಹಳೇ ಸೀರೆ ಹರಿದು ಕೌದಿ ಹೊಲಿಯುತ್ತಿದ್ದಳು. ಹಂಗೇನು ಇದು?

ಸಾಧನಕೇರಿ ಮಾಸ್ತರ

ಹತ್ತಿರ ಬಂದಿರಿ ಅಣ್ಣಾರ. ಆದರೆ ಕೌದಿಯಲ್ಲಿ ಸೀರೆಯ ತುಂಡು ತುಂಡಾಗೇ ಉಳಿಯುತ್ತದೆ. ಅಂಚು, ಬಣ್ಣ, ಹೂವು ಎಲ್ಲ ಕಾಣುತ್ತದೆ, ಇದು ಅವ್ವನ ಇಳಕಲ್ಲು, ಇದು ಅತ್ತಿಯ ಪತ್ಲ ಅಂತ ಗುರುತು ಹಿಡಿಯಬಹುದು. ಕೋಶದಲ್ಲಿ ಹಾಗಾಗೋದಿಲ್ಲ. ಪ್ರೋಟೀನ್ ಪೂರ್ತಿ ಬಿಚ್ಚಿ ಅಮೈನೋ ಆಮ್ಲ ಆಗುತ್ತದೆ. ಅದು ಹಿಂದೆ ಯಾವ ಪ್ರೋಟೀನ್ ಆಗಿತ್ತು ಅನ್ನೋ ಗುರುತೇ ಇರೋದಿಲ್ಲ.

ಬೆಟಗೇರಿ ಮಗ್ಗ

ಹಂಗಂದ್ರ ಸೀರೆ ಬಿಚ್ಚಿ ನೂಲು ತೆಗೆದು ಮತ್ತೆ ನೇಯ್ದ ಹಾಗೆ. ಆದರೆ ಒಂದು ಮಾತು ಸರ. ಬಿಚ್ಚಿದ ನೂಲಿಗೆ ಕಸುವು ಇರೋದಿಲ್ಲ. ಮಗ್ಗಕ್ಕೆ ಹಾಕಿದರೆ ಹರಿಯುತ್ತದೆ. ನಿಮ್ಮ ಅಮೈನೋ ಆಮ್ಲಕ್ಕೂ ಹಂಗ ಆಗತದೇನು?

ಸಾಧನಕೇರಿ ಮಾಸ್ತರ

ಇಲ್ಲ. ಇದು ಒಳ್ಳೇ ಪ್ರಶ್ನೆ. ಅಮೈನೋ ಆಮ್ಲ ಹಳೇದಾಗೋದಿಲ್ಲ. ನಿನ್ನೆ ಒಡೆದ ಪ್ರೋಟೀನಿನಿಂದ ಬಂದದ್ದಕ್ಕೂ ಇವತ್ತು ತೊಗರಿಬೇಳೆಯಿಂದ ಬಂದದ್ದಕ್ಕೂ ವ್ಯತ್ಯಾಸ ಇಲ್ಲ. ಹಾಗಾದರೆ ನೂಲಿಗಿಂತ ಪತ್ತಾರರ ಕೆಲಸ ಹೆಚ್ಚು ಹೊಂದುತ್ತದೆ. ಅಜ್ಜಿಯ ಬುಗಡಿ ಕರಗಿಸಿ ಮೊಮ್ಮಗಳಿಗೆ ಜುಮುಕಿ ಮಾಡಿಸಿದರೆ ಬಂಗಾರ ಬಂಗಾರವೇ. ನಾಳೆ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ, ನಿಮ್ಮ ನೂಲಿನ ಮಾತನ್ನೂ ಸೇರಿಸಿ ಹೇಳುತ್ತೇನೆ.

ದ್ವಿತೀಯ ಪಿಯುಸಿ ಹುಬ್ಬಳ್ಳಿ

ಸರ್, ನಾನು ಬೇರೆ ಕಾಲೇಜಿನವನು. ನಮಗೂ ಹಾಗೇ ಹೇಳಿಕೊಟ್ಟಿದ್ದಾರೆ. ಇದಕ್ಕೆ ನೊಬೆಲ್ ಬಂದಿದ್ದು ಜಪಾನಿನವರಿಗೆ ಅಲ್ವಾ? ಡಿ ಡೂವ್ ಆಗಲೇ ಕಂಡುಹಿಡಿದಿದ್ದರೆ ಅವರಿಗೆ ಯಾಕೆ ಕೊಟ್ಟರು?

ಸಾಧನಕೇರಿ ಮಾಸ್ತರ

ತಮ್ಮಾ, ಇದನ್ನ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ನನಗೆ ಬಹಳ ಇಷ್ಟದ ಕತೆ.

ಡಿ ಡೂವ್ ಅವರಿಗೆ 1974ರಲ್ಲಿ ಬಂತು, ಇನ್ನಿಬ್ಬರ ಜೊತೆ. ಆದರೆ 1963ರಲ್ಲಿ ಹೆಸರಿಟ್ಟ ಮೇಲೆ ಸುಮಾರು 30 ವರ್ಷ ಆಟೋಫೇಜಿ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ಕಾಣುತ್ತಿತ್ತು. ಯಾವ ಜೀನ್ ಇದನ್ನ ನಡೆಸುತ್ತದೆ, ಯಾವಾಗ ಶುರು, ಯಾವಾಗ ನಿಲ್ಲು, ಏನೂ ಗೊತ್ತಿರಲಿಲ್ಲ. ಯಾಕೆಂದರೆ ಪೊರೆಯಲ್ಲಿ ಸುತ್ತಿದ ಆ ಗಂಟು ಹತ್ತಿಪ್ಪತ್ತು ನಿಮಿಷ ಇದ್ದು ಲೈಸೋಸೋಮ್ ಸೇರಿ ಕರಗಿಬಿಡುತ್ತದೆ. ಹಿಡಿಯೋದು ಹೇಗೆ?

ಯೋಶಿನೋರಿ ಓಸುಮಿ 1945ರಲ್ಲಿ ಜಪಾನಿನ ಫುಕುವೋಕಾದಲ್ಲಿ ಹುಟ್ಟಿದವರು. 1988ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಒಂದು ಚಿಕ್ಕ ಪ್ರಯೋಗಾಲಯ ಶುರು ಮಾಡಿದಾಗ ವಯಸ್ಸು 43. ಅವರು ಹಿಡಿದದ್ದು ಈಸ್ಟ್, ಅದೇ ಬ್ರೆಡ್ ಉಬ್ಬಿಸೋ ಈಸ್ಟ್. ಅದರೊಳಗೆ ಒಂದು ದೊಡ್ಡ ಗುಳ್ಳೆ ಇರುತ್ತದೆ, ವ್ಯಾಕ್ಯೂಲ್ ಅಂತಾರೆ, ನಮ್ಮ ಕೋಶದ ಲೈಸೋಸೋಮ್ ಮಾಡೋ ಕೆಲಸ ಈಸ್ಟ್‌ನಲ್ಲಿ ಅದು ಮಾಡುತ್ತದೆ. ಆಗ ಎಲ್ಲರೂ ವ್ಯಾಕ್ಯೂಲ್ ಅಂದರೆ ಕೋಶದ ತಿಪ್ಪೆ ಅಂತ ಬಿಟ್ಟುಬಿಟ್ಟಿದ್ದರು. ಯಾರೂ ನೋಡದ ಜಾಗ ಅಂತಲೇ ಓಸುಮಿ ಅದನ್ನ ಆರಿಸಿಕೊಂಡರು.

ಈಗ ಅವರ ಯುಕ್ತಿ ನೋಡು. ನಿಮ್ಮ ಓಣಿಯ ಹಿಟ್ಟಿನ ಗಿರಣಿ ಇದೆಯಲ್ಲ, ದಿನಾ ಎಷ್ಟು ಮನೆಯಿಂದ ಜೋಳ ಬರುತ್ತದೆ ಅಂತ ಸುಮ್ನೆ ರಸ್ತೆಯಲ್ಲಿ ಹೋಗೋರಿಗೆ ಗೊತ್ತಾಗೋದಿಲ್ಲ. ಬಂದದ್ದು ಬೀಸಿ ಹೋಗುತ್ತಿರುತ್ತದೆ. ಒಂದು ದಿನ ಮೂರು ತಾಸು ಕರೆಂಟ್ ಹೋಗಲಿ. ಗಿರಣಿ ಮುಂದೆ ಡಬ್ಬಿಗಳ ಸಾಲು ನಿಲ್ಲುತ್ತದೆ. ಆಗ ಎಣಿಸಬಹುದು. ಓಸುಮಿ ಮಾಡಿದ್ದೂ ಅಷ್ಟೇ. ವ್ಯಾಕ್ಯೂಲ್‌ನಲ್ಲಿ ಪ್ರೋಟೀನ್ ಒಡೆಯೋ ಕಿಣ್ವಗಳೇ ಇಲ್ಲದ ಈಸ್ಟ್ ತಗೊಂಡರು. ಗಿರಣಿ ಬಂದ್. ಆಮೇಲೆ ಅದಕ್ಕೆ ಸಾರಜನಕ ಕೊಡದೆ ಉಪವಾಸ ಕೆಡವಿದರು. ಹೊರಗಿಂದ ಏನೂ ಬರದಿದ್ದರೆ ಕೋಶ ಒಳಗಿನದನ್ನ ಒಡೆಯಲೇಬೇಕು, ಒಡೆಯೋಕೆ ಒಯ್ದದ್ದು ಒಡೆಯದೆ ರಾಶಿ ಬೀಳಬೇಕು ಅನ್ನೋದು ಅವರ ಲೆಕ್ಕ.

ಕೆಲವೇ ತಾಸಿನಲ್ಲಿ ವ್ಯಾಕ್ಯೂಲ್ ತುಂಬಾ ಸಣ್ಣ ಸಣ್ಣ ಗುಂಡುಗಳು ತುಂಬಿಕೊಂಡವು. ಜೋರಾಗಿ ಓಡಾಡುತ್ತಿದ್ದವು, ಕುದಿಯೋ ನೀರಿನಲ್ಲಿ ಸಾಬೂದಾಣಿ ಕುಣಿದ ಹಾಗೆ. ಇದನ್ನ ಅವರು ನೋಡಿದ್ದು ಸಾದಾ ಬೆಳಕಿನ ಸೂಕ್ಷ್ಮದರ್ಶಕದಲ್ಲಿ, ಕೋಟಿ ಬೆಲೆಯ ಯಂತ್ರ ಇರಲಿಲ್ಲ. ತಾಸುಗಟ್ಟಲೆ ಕಣ್ಣು ತೆಗೆಯದೆ ನೋಡಿದರಂತೆ. ನನಗೂ ಓದುವಾಗ ಮೈ ಜುಮ್ ಅಂದಿತು. ಆ ಗುಂಡುಗಳು ಪೊರೆಯಲ್ಲಿ ಸುತ್ತಿದ ಕೋಶದ ತುಂಡುಗಳೇ ಅಂತ ಆಮೇಲೆ ಮಿಸುಜು ಬಾಬಾ ಅನ್ನೋರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. 1992ರಲ್ಲಿ ಪ್ರಬಂಧ ಬಂತು.

ಅಲ್ಲಿಗೆ ನಿಲ್ಲಲಿಲ್ಲ. ರಾಸಾಯನಿಕ ಹಾಕಿ ಈಸ್ಟ್‌ನ ಜೀನ್‌ಗಳನ್ನ ಎಲ್ಲೆಂದರಲ್ಲಿ ಕೆಡಿಸಿದರು. ಸಾವಿರಾರು ಈಸ್ಟ್‌ಗಳು. ಯಾವುದರಲ್ಲಿ ಗುಂಡು ಕಾಣೋದಿಲ್ಲವೋ ಅದರಲ್ಲಿ ಕೆಟ್ಟಿರೋ ಜೀನ್ ಆಟೋಫೇಜಿಗೆ ಬೇಕಾದದ್ದು. ಅವರ ವಿದ್ಯಾರ್ಥಿನಿ ಮಿಕಿ ತ್ಸುಕಾದಾ ಒಂದೊಂದಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊದಲು ಒಂದೇ ಒಂದು ಸಿಕ್ಕಿತು. ಆ ಒಂದರಿಂದ ಇನ್ನೊಂದು ವಿಷಯ ಹೊಳೆಯಿತು: ಆಟೋಫೇಜಿ ಇಲ್ಲದ ಈಸ್ಟ್ ಉಪವಾಸ ತಾಳೋದಿಲ್ಲ, ಬೇಗ ಸಾಯುತ್ತದೆ. ಹಾಗಿದ್ದರೆ ಮೊದಲು ಹಸಿವಿಗೆ ಸಾಯೋದನ್ನ ಆರಿಸಿ, ಆಮೇಲೆ ಅವನ್ನಷ್ಟೇ ನೋಡಿದರೆ ಸಾಕು. ಹೀಗೆ 1993ಕ್ಕೆ 15 ಜೀನ್‌ಗಳ ಪಟ್ಟಿ ಸಿದ್ಧವಾಯಿತು. ಇವತ್ತು ಏಟಿಜಿ ಅಂತ ಕರೆಯೋ ಈ ಜೀನ್‌ಗಳು 40ಕ್ಕೂ ಜಾಸ್ತಿ ಇವೆ, ಮುಖ್ಯವಾದವು ನಮ್ಮ ಮೈಯಲ್ಲೂ ಇವೆ. ನೊಬೆಲ್ ಬಂದದ್ದು 2016ರಲ್ಲಿ, ಅವರೊಬ್ಬರಿಗೇ. ನಮ್ಮ ಧಾರವಾಡಕ್ಕೆ ಐಐಟಿ ಬಂತಲ್ಲ, ಅದೇ ವರ್ಷ.

ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ: ಆ ಚೀಲ ಕೆಲಸ ಮಾಡದಿದ್ದಾಗ ಕೋಶ ಸತ್ತಿತು. ಚೀಲದಿಂದ ಸಾಯಲಿಲ್ಲ.

ದ್ವಿತೀಯ ಪಿಯುಸಿ ಹುಬ್ಬಳ್ಳಿ

ಸರ್ ಕೊನೇ ಎರಡು ಸಾಲು ನೋಟ್ಸ್‌ನಲ್ಲಿ ಬರೆದುಕೊಂಡೆ. ಬೇಕರಿಯ ಈಸ್ಟ್ ತಂದು ನಮ್ಮ ಲ್ಯಾಬ್‌ನಲ್ಲಿ ನೋಡಿದರೆ ಆ ಗುಂಡು ಕಾಣುತ್ತದಾ?

ಸಾಧನಕೇರಿ ಮಾಸ್ತರ

ಗುಂಡು ಕಾಣೋದಿಲ್ಲ. ಬೇಕರಿ ಈಸ್ಟ್‌ನ ಗಿರಣಿ ಚಾಲೂ ಇರುತ್ತದೆ, ಒಳಗೆ ಹೋದದ್ದು ಕರಗಿಬಿಡುತ್ತದೆ. ಆದರೆ ವ್ಯಾಕ್ಯೂಲ್ ಖಂಡಿತ ಕಾಣುತ್ತದೆ. 40ರ ಲೆನ್ಸ್ ಸಾಕು. ಕೋಶ ನೋಡಿದರೆ ಮೊಟ್ಟೆಯಾಕಾರ, ಒಳಗೆ ತಿಳಿಯಾದ ಒಂದು ದುಂಡು ಜಾಗ. ಅದೇ. ಮಾಡಿ ನೋಡು, ಇಲ್ಲಿ ಬರೆ.

ನವನಗರ ಗೀತಕ್ಕ

ನಮಸ್ಕಾರ. ನಾನು ಈ ವಿಷಯಕ್ಕೇ ಇಲ್ಲಿಗೆ ಬಂದೆ, ಆದರೆ ಬೇರೆ ಕಾರಣಕ್ಕೆ. ದಯವಿಟ್ಟು ಯಾರೂ ತಪ್ಪು ತಿಳಿಯಬೇಡಿ.

ನಮ್ಮ ಅವ್ವನಿಗೆ 67 ವರ್ಷ, 14 ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್ ಗುಳಿಗೆ ತಗೊಳ್ಳುತ್ತಾಳೆ. ಹೋದ ಶ್ರಾವಣದಲ್ಲಿ ಯಾರೋ ಒಂದು ವಿಡಿಯೋ ಕಳಿಸಿದರು. ಜಪಾನಿ ವಿಜ್ಞಾನಿಗೆ ಉಪವಾಸದ ಬಗ್ಗೆ ನೊಬೆಲ್ ಬಂದಿದೆ, 16 ತಾಸು ಉಪವಾಸ ಮಾಡಿದರೆ ಕೋಶ ಹೊಲಸನ್ನೆಲ್ಲಾ ತಿಂದು ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲಾ ಹೋಗುತ್ತದೆ ಅಂತ. ಅವ್ವ ನಂಬಿದಳು. ಸೋಮವಾರ ಹೇಗೂ ಒಪ್ಪತ್ತು ಮಾಡುತ್ತಿದ್ದಳು, ಈಗ ದಿನಾ ಶುರು ಮಾಡಿದಳು. ನಮಗೆ ಹೇಳಲಿಲ್ಲ. ಗುಳಿಗೆ ಮಾತ್ರ ತಪ್ಪಿಸಲಿಲ್ಲ, ಗುಳಿಗೆ ತಗೊಂಡು ಊಟ ಬಿಟ್ಟಳು.

ಐದನೇ ದಿನ ಬೆಳಿಗ್ಗೆ ಹತ್ತೂವರೆಗೆ ದೇವರ ಮನೆಯ ಮುಂದೆ ಕೂತಿದ್ದಳು. ಕುಪ್ಪಸ ಬೆವರಿನಿಂದ ತೊಯ್ದಿತ್ತು, ಫ್ಯಾನ್ ಕೆಳಗೇ ಕೂತಿದ್ದರೂ. ಕೈಯಲ್ಲಿನ ಊದಿನಕಡ್ಡಿ ನಡುಗುತ್ತಿತ್ತು. ನನ್ನನ್ನ ನೋಡಿ ನನ್ನ ತಂಗಿಯ ಹೆಸರು ಹಿಡಿದು ಕರೆದಳು. ತಂಗಿ ಪುಣೆಯಲ್ಲಿದ್ದಾಳೆ. ಮೀಟರ್ ಹಚ್ಚಿದರೆ 48. ನನ್ನ ಕೈಕಾಲು ತಣ್ಣಗಾದವು. ಸಕ್ಕರೆ ನೀರು ಕುಡಿಸಿದೆ, ಅರ್ಧ ಸೀರೆ ಮೇಲೆ ಚೆಲ್ಲಿತು. ಹದಿನೈದು ನಿಮಿಷಕ್ಕೆ ಕಣ್ಣು ಸರಿ ಬಿಟ್ಟಳು. ಉಳಿದಳು.

ಆವತ್ತಿನಿಂದ ಆ ಜಪಾನಿ ವಿಜ್ಞಾನಿಯ ಹೆಸರು ಕೇಳಿದರೆ ಸಿಟ್ಟು ಬರುತ್ತಿತ್ತು ನನಗೆ. ಇವತ್ತು ಮಾಸ್ತರ ಬರೆದದ್ದು ಓದಿದೆ. ಅವರು ನೋಡಿದ್ದು ಈಸ್ಟ್ ಅಂತ ಈಗ ಗೊತ್ತಾಯಿತು. ಹಾಗಾದರೆ ನಿಜವಾಗಿ ಅವರು ಉಪವಾಸದ ಬಗ್ಗೆ ಏನು ಹೇಳಿದ್ದಾರೆ?

ವಾರ್ಡ್ ಸಿಸ್ಟರ್

ಗೀತಕ್ಕಾ, ನೀವು ಮಾಡಿದ್ದು ಸರಿ ಇತ್ತು. ಮೊದಲು ಅದನ್ನ ಹೇಳುತ್ತೇನೆ. 70ಕ್ಕಿಂತ ಕೆಳಗೆ ಬಂದರೆ, ಎಚ್ಚರ ಇದ್ದು ನುಂಗೋಕೆ ಬರುತ್ತಿದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಬೇಕು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಗ್ಲಿಮೆಪಿರೈಡ್ ಥರದ ಗುಳಿಗೆ ಮೈಯಿಂದ ಇನ್ಸುಲಿನ್ ಬಿಡಿಸುತ್ತದೆ. ನೀವು ಊಟ ಮಾಡಿದಿರೋ ಇಲ್ಲವೋ ಅದು ಕೇಳೋದಿಲ್ಲ. ಆ ಗುಳಿಗೆ, ಇಲ್ಲಾ ಇನ್ಸುಲಿನ್ ತಗೊಳ್ಳೋರು ಡಾಕ್ಟರ್‌ಗೆ ಹೇಳದೆ ಉಪವಾಸ ಮಾಡಲೇಬಾರದು. ಏಕಾದಶಿಯಾಗಲಿ, ರೋಜಾ ಆಗಲಿ, ಶಿವರಾತ್ರಿಯಾಗಲಿ. ಮೊದಲೇ ಕೇಳಿದರೆ ಗುಳಿಗೆಯ ಪ್ರಮಾಣ, ಹೊತ್ತು ಬದಲಿಸಿ ಕೊಡುತ್ತಾರೆ. ಬೈಯುತ್ತಾರೆ ಅಂತ ಹೆದರಿ ಹೇಳದೆ ಇರೋರೇ ಜಾಸ್ತಿ.

ಗದಗ ಭಕ್ತ

ಹಿರಿಯರು ಉಪವಾಸ ಇಟ್ಟದ್ದು ಸುಮ್ನೆ ಅಲ್ಲ. ಅದನ್ನ ಈಗ ಜಪಾನಿನವರು ಸಾಬೀತು ಮಾಡಿದ್ದಾರೆ. ಒಂದು ಮನೆಯಲ್ಲಿ ಹೀಗಾಯಿತು ಅಂತ ಉಪವಾಸವನ್ನೇ ತಪ್ಪು ಅನ್ನಬಾರದು.

ಸಾಧನಕೇರಿ ಮಾಸ್ತರ

ಉಪವಾಸ ತಪ್ಪು ಅಂತ ಇಲ್ಲಿ ಯಾರೂ ಅನ್ನಲಿಲ್ಲ ಯಜಮಾನರೇ. ನಮ್ಮ ಮನೆಯಲ್ಲೂ ಮಾಡುತ್ತಾರೆ. ಅದು ಭಕ್ತಿಯ ವಿಷಯ, ಅದಕ್ಕೆ ಯಾವ ಪ್ರಯೋಗಾಲಯದ ಸರ್ಟಿಫಿಕೇಟೂ ಬೇಕಿಲ್ಲ. ಆದರೆ ಓಸುಮಿ ಅವರ ಹೆಸರಿನಲ್ಲಿ ಅವರು ಮಾಡದ ಕೆಲಸ ಹೇಳಿದರೆ ನಾನು ಸುಮ್ಮನಿರೋದಿಲ್ಲ.

ಗೀತಕ್ಕಾ, ಅವರಿಗೆ ಬಹುಮಾನ ಬಂದದ್ದು ಆಟೋಫೇಜಿ ಹೇಗೆ ನಡೆಯುತ್ತದೆ ಅನ್ನೋದಕ್ಕೆ. ಮನುಷ್ಯರಿಗೆ 16 ತಾಸು ಉಪವಾಸ ಮಾಡಿಸಿ ಅವರು ನೋಡಿಲ್ಲ. ಹಸಿವಿನಲ್ಲಿ ಆಟೋಫೇಜಿ ಏರುತ್ತದೆ ಅನ್ನೋದು ನಿಜ, ಈಸ್ಟ್‌ನಲ್ಲಿ ಅವರೇ ಕಂಡರು. ಇಲಿಯಲ್ಲೂ ಕಂಡಿದೆ. ಅವರ ಜೊತೆ ಕೆಲಸ ಮಾಡಿದ ನೊಬೊರು ಮಿಜುಶಿಮಾ ಆಟೋಫೇಜಿ ನಡೆದ ಜಾಗ ಹಸಿರಾಗಿ ಹೊಳೆಯೋ ಹಾಗೆ ಒಂದು ಇಲಿ ತಳಿ ಮಾಡಿದರು. ಉಪವಾಸ ಕೆಡವಿದಾಗ ಯಕೃತ್ತು, ಸ್ನಾಯು, ಹೃದಯದಲ್ಲಿ ಹೊಳಪು ಏರಿತು. ಮಿದುಳಿನಲ್ಲಿ ಏರಿದ್ದು ಕಾಣಲಿಲ್ಲ. ನೋಡಿ, ಒಂದೇ ಇಲಿಯಲ್ಲೇ ಅಂಗಕ್ಕೆ ಒಂದು ಥರ. ಅಲ್ಲದೆ ಇಲಿಯ ಒಂದು ದಿನದ ಉಪವಾಸ ನಮ್ಮ ಒಂದು ದಿನಕ್ಕೆ ಸಮ ಅಲ್ಲ, ಅದರ ಮೈ ಬಹಳ ಬೇಗ ಸೊರಗುತ್ತದೆ. ಮನುಷ್ಯರಲ್ಲಿ ಇದನ್ನ ಅಳೆಯೋದು ಕಷ್ಟ, ಯಕೃತ್ತಿನ ತುಂಡು ಕತ್ತರಿಸಿ ನೋಡಬೇಕು. ಹಾಗಿರುವಾಗ ಇಂತಿಷ್ಟು ತಾಸಿಗೆ ಶುರುವಾಗುತ್ತದೆ ಅಂತ ವಿಡಿಯೋದವರು ಗಡಿಯಾರ ನೋಡಿ ಹೇಳೋದು ಯಾವ ಧೈರ್ಯದ ಮೇಲೆ?

ಕ್ಯಾನ್ಸರ್ ಮಾತು ಇನ್ನೂ ಅಪಾಯದ್ದು. ಆಟೋಫೇಜಿ ಚೆನ್ನಾಗಿದ್ದರೆ ಕೋಶ ಕೆಡೋದು ಕಡಿಮೆ, ಗಡ್ಡೆ ಹುಟ್ಟೋದು ಕಡಿಮೆ, ಇದು ಒಂದು ಮುಖ. ಆದರೆ ಒಮ್ಮೆ ಗಡ್ಡೆ ಬೆಳೆದ ಮೇಲೆ ಆ ಗಡ್ಡೆಯ ಕೋಶಗಳೂ ಹಸಿವು ತಾಳೋಕೆ ಇದೇ ಆಟೋಫೇಜಿ ಬಳಸುತ್ತವೆ. ಹಾಗಾಗಿ ಅದನ್ನ ನಿಲ್ಲಿಸಿ ನೋಡೋ ಪ್ರಯೋಗಗಳೂ ನಡೆದಿವೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು.

ವಾರ್ಡ್ ಸಿಸ್ಟರ್

ಹೌದಾ? ಮಲೇರಿಯಾಕ್ಕೆ, ಕೀಲುವಾತಕ್ಕೆ ಕೊಡೋ ಗುಳಿಗೆ ಅದು. ಅದಕ್ಕೂ ಇದಕ್ಕೂ ಏನು ಸಂಬಂಧ ಸರ್?

ಸಾಧನಕೇರಿ ಮಾಸ್ತರ

ಲೈಸೋಸೋಮ್ ಒಳಗೆ ಹುಳಿ ಇರುತ್ತದೆ ಸಿಸ್ಟರ್, ಪಿಎಚ್ 4.5ರಿಂದ 5. ಆ ಹುಳಿ ಇದ್ದರೇ ಅದರ ಕಿಣ್ವಗಳು ಕೆಲಸ ಮಾಡೋದು. ಈ ಗುಳಿಗೆ ಒಳಗೆ ಸೇರಿ ಹುಳಿ ಇಳಿಸುತ್ತದೆ. ಮತ್ತೆ ಗಿರಣಿ ಬಂದ್.

ನವನಗರ ಗೀತಕ್ಕ

ಅವ್ವನಿಗೆ ಈ ಎರಡೂ ಉತ್ತರ ಓದಿ ತೋರಿಸಿದೆ. “ಈಸ್ಟ್ ಉಪವಾಸ ಮಾಡಿದ್ದಕ್ಕ ನಾ ಊಟ ಬಿಟ್ಟೆನೇನು” ಅಂದಳು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಳು. ಸೋಮವಾರದ ಒಪ್ಪತ್ತಿಗೆ ಡಾಕ್ಟರನ್ನ ಕೇಳೋಣ ಅಂತ ಒಪ್ಪಿದ್ದಾಳೆ. ಇಬ್ಬರಿಗೂ ಶರಣು.

ಹಾವೇರಿ ಗೋವಿನಜೋಳ

ಮಾಸ್ತರ, ನನ್ನದು ರಾಣೆಬೆನ್ನೂರು ಕಡೆ ಹೊಲ. ನೀವು ಸಾರಜನಕ ಅಂದ ಕೂಡಲೇ ನನಗೆ ಯೂರಿಯಾ ನೆನಪಾಯಿತು. ಗೋವಿನಜೋಳಕ್ಕೆ ಮೇಲುಗೊಬ್ಬರ ತಡ ಆದರೆ ಬುಡದ ಎಲೆ ಮೊದಲು ಹಳದಿಯಾಗುತ್ತದೆ. ತುದಿಯಿಂದ ಶುರುವಾಗಿ ನಡುವಿನ ದಿಂಡಿನ ಗುಂಟ ಒಳಗೆ ಬರುತ್ತದೆ, ಈಟಿ ಚುಚ್ಚಿದ ಹಾಗೆ. ಸುಳಿ ಮಾತ್ರ ಹಸಿರೇ ಇರುತ್ತದೆ. ಗಿಡದೊಳಗೂ ಈ ಒಡೆಯೋ ಕೆಲಸ ನಡೆಯುತ್ತದೇನು?

ಸಾಧನಕೇರಿ ಮಾಸ್ತರ

ಅಣ್ಣಾ, ನೀವು ಕಂಡದ್ದು ಅದನ್ನೇ! ಎಲೆಯಲ್ಲಿರೋ ಸಾರಜನಕದ ದೊಡ್ಡ ಪಾಲು ಹರಿತ್ತಿನ ಕಣಗಳಲ್ಲಿ, ಅಂದರೆ ಕ್ಲೋರೋಪ್ಲಾಸ್ಟ್‌ಗಳ ಪ್ರೋಟೀನಿನಲ್ಲಿ ಇರುತ್ತದೆ. ನೆಲದಿಂದ ಸಾರಜನಕ ಸಿಗದಿದ್ದರೆ ಗಿಡ ಹಳೇ ಎಲೆಯ ಪ್ರೋಟೀನ್ ಒಡೆದು ಸುಳಿಗೆ ಕಳಿಸುತ್ತದೆ. ಒಡೆಯೋ ದಾರಿ ಒಂದೇ ಅಲ್ಲ, ಅದರಲ್ಲಿ ಆಟೋಫೇಜಿ ಒಂದು ಮುಖ್ಯ ದಾರಿ. ತೆನೆ ಹಾಲುಗಾಳು ಕಟ್ಟುವಾಗಲೂ ಹೀಗೇ, ಎಲೆಯ ಸಾರಜನಕ ಕಾಳಿಗೆ ಇಳಿಯುತ್ತದೆ.

ಗೋವಿನಜೋಳದ ಮೇಲೇ ಅಮೆರಿಕದಲ್ಲಿ ಕೆಲಸ ಆಗಿದೆ, 2015ರಲ್ಲಿ ಬಂತು. ಏಟಿಜಿ12 ಅನ್ನೋ ಜೀನ್ ಕೆಟ್ಟ ಗಿಡಗಳನ್ನ ಬೆಳೆಸಿ ನೋಡಿದರು. ಗೊಬ್ಬರ ಸಾಕಷ್ಟಿದ್ದಾಗ ಅಷ್ಟೇನೂ ತೊಂದರೆ ಕಾಣಲಿಲ್ಲ. ಸಾರಜನಕ ಕಡಿಮೆ ಮಾಡಿದರೆ ಎಲೆ ಬೇಗ ಒಣಗಿತು, ಎಲೆಯಿಂದ ಕಾಳಿಗೆ ಹೋಗೋದೂ ಕಡಿಮೆಯಾಯಿತು. ಎಲೆ ಒಣಗಿದ್ದೂ ದಂಡ, ಕಾಳೂ ತುಂಬಲಿಲ್ಲ.

ಹಾವೇರಿ ಗೋವಿನಜೋಳ

ನಮ್ಮ ಅಪ್ಪ ಬುಡದ ಎಲೆ ಹಳದಿ ಕಂಡರೆ “ಗಿಡ ತನ್ನ ಗಂಟು ಬಿಚ್ಚಿ ಉಣ್ಣಾಕ ಹತ್ತೇತಿ” ಅನ್ನುತ್ತಿದ್ದ. ಸುಮ್ನೆ ಅನ್ನೋ ಮಾತು ಅಂದುಕೊಂಡಿದ್ದೆ. ಹಂಗಂದ್ರ ಹಳದಿ ಕಂಡ ಮೇಲೆ ಯೂರಿಯಾ ಹಾಕಿದರೆ ಆ ಎಲೆ ಮತ್ತೆ ಹಸಿರಾಗೋದಿಲ್ಲ ಅಲ್ವಾ?

ಸಾಧನಕೇರಿ ಮಾಸ್ತರ

ಪೂರ್ತಿ ಹಳದಿಯಾದ ಎಲೆ ಬರೋದಿಲ್ಲ, ಅದರ ಗಂಟು ಖಾಲಿ. ಮೇಲಿನ ಎಲೆ ಉಳಿಯುತ್ತವೆ. ಅಪ್ಪನ ಮಾತು ನನ್ನ ಮಕ್ಕಳಿಗೆ ಹೇಳಲಾ? ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಹಾವೇರಿ ಗೋವಿನಜೋಳ

ಹೇಳ್ರಿ. ಅಪ್ಪ ಇದ್ದಿದ್ದರೆ ಖುಷಿ ಪಡುತ್ತಿದ್ದ.

ಗದಗ ರೋಡ್ ವರ್ಕ್‌ಶಾಪ್ ನಿವೃತ್ತ

ಎಲ್ಲಾ ಓದಿದೆ. 34 ವರ್ಷ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದೆ. ನಮ್ಮಲ್ಲಿ ಡಬ್ಬಿ ಒಳಗೆ ಬಂದ ಕೂಡಲೇ ಒಡೆಯೋದಿಲ್ಲ. ಪರೀಕ್ಷೆ ಮಾಡುತ್ತಾರೆ, ರಿಪೇರಿ ಆಗೋದು ರಿಪೇರಿಗೆ, ಆಗದ್ದಕ್ಕೆ ಕಂಡಮ್ ಅಂತ ಗುರುತು. ಗುರುತು ಬಿದ್ದ ಮೇಲೆಯೇ ಗುಜರಿಗೆ. ನೀವು ಹೇಳೋದು ಕೇಳಿದರೆ ಕೋಶ ಹಸಿವಾದಾಗ ಕೈಗೆ ಸಿಕ್ಕದ್ದೆಲ್ಲಾ ಒಡೆಯುತ್ತದೆ ಅನ್ನೋ ಹಾಗಿದೆ. ಚೆನ್ನಾಗಿರೋದನ್ನೂ ಒಡೆದರೆ ಹೇಗೆ? ಗುರುತು ಹಾಕೋರು ಯಾರೂ ಇಲ್ಲವಾ?

ಇನ್ನೊಂದು ಕೇಳಬೇಕು. ನಮ್ಮ ಅಣ್ಣನಿಗೆ ಪಾರ್ಕಿನ್ಸನ್. ಬಲಗೈ ನಡುಗುತ್ತದೆ, ಅಂಗಿ ಗುಂಡಿ ಹಾಕಿಕೊಳ್ಳೋಕೆ ಹತ್ತು ನಿಮಿಷ ಬೇಕು. ಇದರಲ್ಲಿ ಅವನಿಗೇನಾದರೂ ಔಷಧ ಇದೆಯಾ ಅಂತ.

ಸಾಧನಕೇರಿ ಮಾಸ್ತರ

ಸಾಹೇಬರೇ, ನಿಮ್ಮ ಎರಡು ಪ್ರಶ್ನೆ ಒಂದಕ್ಕೊಂದು ಹತ್ತಿಕೊಂಡೇ ಇವೆ.

ಗುರುತು ಹಾಕೋರು ಇದ್ದಾರೆ. ಯುಬಿಕ್ವಿಟಿನ್ ಅನ್ನೋ ಒಂದು ಸಣ್ಣ ಪ್ರೋಟೀನ್ ಇದೆ, ಅದೇ ಕೋಶದ ಕಂಡಮ್ ಗುರುತು. ಅದು ಹೀಗೆ ಗುರುತಾಗಿ ಕೆಲಸ ಮಾಡೋದನ್ನ ಹುಡುಕಿದ್ದಕ್ಕೆ ಚೀಹನೋವರ್, ಹರ್ಷ್ಕೋ, ರೋಸ್ ಅನ್ನೋ ಮೂವರಿಗೆ 2004ರಲ್ಲಿ ನೊಬೆಲ್ ಬಂತು. ಗುರುತು ಬಿದ್ದ ಬಿಡಿ ಪ್ರೋಟೀನ್‌ಗಳನ್ನ ಒಡೆಯೋದು ಪ್ರೋಟಿಯಾಸೋಮ್ ಅನ್ನೋ ಬೇರೆ ಯಂತ್ರ. ಇಡೀ ಡಬ್ಬಿಯಂಥ ದೊಡ್ಡ ಸಾಮಾನು ಅದರ ಬಾಯಿಗೆ ಹಿಡಿಯೋದಿಲ್ಲ, ಅದಕ್ಕೆ ಆಟೋಫೇಜಿಯೇ ಬೇಕು.

ಹಸಿವಿನಲ್ಲಿ ಕೋಶ ಹೆಚ್ಚಾಗಿ ಆರಿಸದೆ ಒಡೆಯುತ್ತದೆ, ನಿಜ. ಹಸಿವಿಲ್ಲದ ದಿನಗಳಲ್ಲಿ ಆರಿಸಿ ಒಡೆಯುತ್ತದೆ. ಮೈಟೊಕಾಂಡ್ರಿಯಾ ಅಂದರೆ ಕೋಶದ ಶಕ್ತಿ ಕೇಂದ್ರ. ಒಂದು ಮೈಟೊಕಾಂಡ್ರಿಯಾ ಕೆಟ್ಟರೆ ಪಿಂಕ್1 ಅನ್ನೋ ಪ್ರೋಟೀನ್ ಅದರ ಮೈಮೇಲೆ ಸೇರುತ್ತದೆ. ಅದು ಪಾರ್ಕಿನ್ ಅನ್ನೋ ಇನ್ನೊಂದನ್ನ ಕರೆಯುತ್ತದೆ. ಪಾರ್ಕಿನ್ ಬಂದು ಯುಬಿಕ್ವಿಟಿನ್ ಗುರುತು ಹಚ್ಚುತ್ತದೆ. ಆಮೇಲೆ ಪೊರೆ ಬಂದು ಸುತ್ತುತ್ತದೆ. ನಿಮ್ಮ ವರ್ಕ್‌ಶಾಪಿನ ಕ್ರಮವೇ.

ಈ ಪಾರ್ಕಿನ್, ಪಿಂಕ್1 ಜೀನ್‌ಗಳು ಹುಟ್ಟಿನಿಂದ ಕೆಟ್ಟಿದ್ದರೆ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರುತ್ತದೆ. ಪಾರ್ಕಿನ್ ಅನ್ನೋ ಹೆಸರೇ ಆ ಕಾಯಿಲೆಯಿಂದ ಬಂದದ್ದು. ನರಕೋಶ ನಮ್ಮ ಚರ್ಮದ ಕೋಶದ ಹಾಗೆ ಹೋಗಿ ಹೊಸದು ಬರೋದಿಲ್ಲ, ಜೀವನ ಪೂರ್ತಿ ಅದೇ ಕೋಶ. ಒಳಗಿನ ಸಾಮಾನನ್ನಷ್ಟೇ ಬದಲಿಸಿಕೊಂಡು ನಡೆಯಬೇಕು. 2006ರಲ್ಲಿ ಜಪಾನಿನ ಎರಡು ತಂಡ ಇಲಿಯ ಮಿದುಳಿನಲ್ಲಿ ಮಾತ್ರ ಆಟೋಫೇಜಿ ನಿಲ್ಲಿಸಿ ನೋಡಿದವು. ಇಲಿಗೆ ಹೊಟ್ಟೆ ತುಂಬಾ ಊಟ ಇತ್ತು. ಆದರೂ ನರಕೋಶದೊಳಗೆ ಪ್ರೋಟೀನ್ ಗಂಟುಗಟ್ಟಿತು, ನಡಿಗೆ ತಪ್ಪಿತು.

ನಿಮ್ಮ ಅಣ್ಣನವರದು ಯಾವ ಕಾರಣದಿಂದ ಬಂದದ್ದು ಅಂತ ನಾನು ಇಲ್ಲಿ ಕೂತು ಹೇಳಲಾರೆ, ಹೆಚ್ಚಿನವರಲ್ಲಿ ಈ ಎರಡು ಜೀನ್ ಕೆಟ್ಟಿರೋದಿಲ್ಲ. ಈ ಸಂಶೋಧನೆಯಿಂದ ಪಾರ್ಕಿನ್ಸನ್‌ಗೆ ಇಂಥಾ ಗುಳಿಗೆ ಅಂತ ಕೈಗೆ ಕೊಡೋ ಹಂತಕ್ಕೆ ಇನ್ನೂ ಬಂದಿಲ್ಲ. ಬಂದಿದೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನರರೋಗದ ಡಾಕ್ಟರ್ ಕೊಟ್ಟ ಗುಳಿಗೆ ಹೊತ್ತು ತಪ್ಪದೆ ಕೊಡಿ.

ಗದಗ ರೋಡ್ ವರ್ಕ್‌ಶಾಪ್ ನಿವೃತ್ತ

ಇಲ್ಲ ಅಂತ ಸೀದಾ ಹೇಳಿದ್ದಕ್ಕೆ ಧನ್ಯವಾದ ಸರ್. ಅಣ್ಣನ ಅಂಗಿಗೆ ಗುಂಡಿ ತೆಗೆದು ವೆಲ್ಕ್ರೋ ಹಚ್ಚಿಸುತ್ತೇನೆ, ಅದು ನನ್ನ ಕೈಯಲ್ಲಿದೆ.

ವಾರ್ಡ್ ಸಿಸ್ಟರ್

ಸರ್, ರಾತ್ರಿ ಪಾಳಿಯಲ್ಲಿ ಬರೆಯುತ್ತಿದ್ದೇನೆ. ನಾನು ಹೆರಿಗೆ ವಾರ್ಡಿನಲ್ಲೂ ಎಂಟು ವರ್ಷ ಇದ್ದೆ. ಹುಟ್ಟಿದ ಕೂಸಿಗೂ ಇದು ಬೇಕಾಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಹೌದಾ?

ಸಾಧನಕೇರಿ ಮಾಸ್ತರ

ಇಲಿಮರಿಯಲ್ಲಿ ಕಂಡಿದ್ದಾರೆ ಸಿಸ್ಟರ್, 2004ರಲ್ಲಿ, ಮಿಜುಶಿಮಾ ಅವರ ತಂಡವೇ. ಗರ್ಭದಲ್ಲಿರುವ ತನಕ ಹೊಕ್ಕುಳಬಳ್ಳಿಯಿಂದ ಎಲ್ಲಾ ಬರುತ್ತಿರುತ್ತದೆ. ಹುಟ್ಟಿದ ಕ್ಷಣಕ್ಕೆ ಅದು ನಿಂತಿತು, ಹಾಲು ಇನ್ನೂ ಬಾಯಿಗೆ ಬಿದ್ದಿಲ್ಲ. ಆ ಸಂದಿನಲ್ಲಿ ಮರಿಯ ಮೈಯಲ್ಲಿ ಆಟೋಫೇಜಿ ಒಮ್ಮೆಲೇ ಏರುತ್ತದೆ. ಮೂರರಿಂದ ಆರು ತಾಸಿಗೆ ತುಟ್ಟತುದಿಗೆ ಹೋಗಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಏಟಿಜಿ5 ಇಲ್ಲದ ಮರಿಗಳು ನೋಡೋಕೆ ಹೆಚ್ಚುಕಡಿಮೆ ಸರಿಯಾಗೇ ಹುಟ್ಟಿದವು. ಒಂದು ದಿನ ದಾಟಲಿಲ್ಲ.

ವಾರ್ಡ್ ಸಿಸ್ಟರ್

ನಾವು ಒಂದು ತಾಸಿನೊಳಗೆ ಎದೆಗೆ ಹಚ್ಚಿರಿ ಅಂತ ಬಾಣಂತಿಯರಿಗೆ ಹೇಳುತ್ತಲೇ ಇರುತ್ತೇವೆ. ಆ ಮೊದಲನೇ ತಾಸಿನಲ್ಲಿ ಕೂಸು ಬಾಯಿ ತೆರೆದು ಹುಡುಕುತ್ತಿರುತ್ತದೆ, ಕಣ್ಣು ಇನ್ನೂ ಸರಿ ಬಿಟ್ಟಿರೋದಿಲ್ಲ. ಇನ್ನು ಅದನ್ನ ನೋಡುವಾಗ ನಿಮ್ಮ ಇಲಿಮರಿ ನೆನಪಿಗೆ ಬರುತ್ತದೆ.

ದ್ವಿತೀಯ ಪಿಯುಸಿ ಹುಬ್ಬಳ್ಳಿ

ಸರ್ ಇವತ್ತು ನೋಡಿದ್ವಿ!! ಬೇಕರಿ ಮಾಮಾ ಒಂದು ಚಮಚ ಈಸ್ಟ್ ಸುಮ್ನೆ ಕೊಟ್ಟರು. ಅರ್ಧ ಬೆಚ್ಚಗಿನ ಸಕ್ಕರೆ ನೀರಿನಲ್ಲಿ, ಅರ್ಧ ಬರೀ ನೀರಿನಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ಬೆಳಿಗ್ಗೆ ಲ್ಯಾಬ್ ಅಟೆಂಡರ್ ಅಣ್ಣನ ಕಾಲಿಗೆ ಬಿದ್ದು ಸೂಕ್ಷ್ಮದರ್ಶಕ ತೆಗೆಸಿದೆ. ಸಕ್ಕರೆ ನೀರಿನದರಲ್ಲಿ ಎಷ್ಟೋ ಕೋಶಕ್ಕೆ ಮೊಗ್ಗು ಬಂದಿತ್ತು. ಬರೀ ನೀರಿನದರಲ್ಲಿ ಮೊಗ್ಗು ಕಡಿಮೆ. ನಡುವೆ ನೀವು ಹೇಳಿದ ತಿಳಿಯಾದ ದುಂಡು ಜಾಗ ಇತ್ತು, ಕೆಲವದರಲ್ಲಿ ಅರ್ಧ ಕೋಶದಷ್ಟು. ಒಂದರೊಳಗೆ ಕಪ್ಪು ಚುಕ್ಕೆ ಅಲುಗಾಡುತ್ತಿತ್ತು, ಅದು ಗುಂಡು ಅಲ್ಲ ಅಂತ ನೀವು ಹೇಳಿದ್ದು ನೆನಪಿತ್ತು, ಆದರೂ ಇಪ್ಪತ್ತು ನಿಮಿಷ ಅದನ್ನೇ ನೋಡಿದೆ. ನಾಲ್ಕು ಗೆಳೆಯರು ಸರದಿಯಲ್ಲಿ ನಿಂತಿದ್ದರು, ಬೈದರು. 30 ಕೋಶ ಎಣಿಸಿ ಚಿತ್ರ ಬಿಡಿಸಿದ್ದೇನೆ. ನೋಟ್ಸ್‌ನಲ್ಲಿ ಆ ಹಳೇ ಹೆಸರು ಹೊಡೆದುಹಾಕಿದೆ. ಪರೀಕ್ಷೆಯಲ್ಲಿ ಅದನ್ನೇ ಕೇಳಿದರೆ ಏನು ಬರೆಯಲಿ?

ಸಾಧನಕೇರಿ ಮಾಸ್ತರ

ಭಲೇ ತಮ್ಮಾ. ಪರೀಕ್ಷೆಯಲ್ಲಿ ಕೇಳಿದ ಹೆಸರು ಬರೆ, ಅಂಕ ಕಳೆದುಕೊಳ್ಳಬೇಡ. ಕೆಳಗೆ ಇನ್ನೊಂದು ಸಾಲಿನಲ್ಲಿ ಅದು ದಿನಾ ಮಾಡೋ ಕೆಲಸ ಬರೆ, ತಿದ್ದೋರೂ ಓದಲಿ.

ಮೆಥಿಲೀನ್ ಬ್ಲೂ ಒಂದು ಹನಿ ಹಾಕಿದ್ದೆಯಾ? ಪೂರ್ತಿ ನೀಲಿಯಾದ ಕೋಶ ಸತ್ತದ್ದು, ಜೀವ ಇರೋದು ಬಿಳಿಯಾಗೇ ಇರುತ್ತದೆ. ಹಾಕದೆ ಎಣಿಸಿದ್ದರೆ ನಿನ್ನ 30ರಲ್ಲಿ ಸತ್ತವೂ ಸೇರಿರುತ್ತವೆ. ಉಳಿದ ನೀರು ಚೆಲ್ಲಿಲ್ಲ ತಾನೇ? ಇನ್ನೂ ಮೂರು ದಿನ ಹಾಗೇ ಇಟ್ಟು, ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಎಣಿಸಿ ಬರೆ.